ತಟ್ಟೆಯೊಳಗಿನ ಮೂರು ಬೆಂಕಿ

ಮನುಷ್ಯನು ಊರು ಬಿಟ್ಟು ಊರಿಗೆ ಹೋಗುವಾಗ ತನ್ನ ಭಾಷೆಯನ್ನೂ ದೇವರನ್ನೂ ಕೊಂಡೊಯ್ಯುವಂತೆಯೇ ತನ್ನ ಅಡಿಗೆಯನ್ನೂ ಕೊಂಡೊಯ್ಯುತ್ತಾನೆ. ಭಾಷೆ ಮರೆತುಹೋದರೂ ಅಡಿಗೆ ಉಳಿಯುವುದುಂಟು. ಅದು ಹೊಸ ಊರಿನ ನೀರು, ಕಾಳು, ಸಂಬಾರಗಳೊಡನೆ ಬೆರೆತು, ಕೆಲವು ತಲೆಮಾರುಗಳಲ್ಲಿ ಆ ಊರಿನದೇ ಆಗಿಬಿಡುತ್ತದೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯು ಕಡುಬು, ತಂಬುಳಿ, ಅಪ್ಪೆಹುಳಿ, ಕಳಲೆಯ ಪಲ್ಯಗಳಿಗೆ ಹೆಸರಾದದ್ದು. ಆದರೆ ಸಂಜೆಯ ಹೊತ್ತು ಈ ಊರುಗಳ ಪೇಟೆಯಲ್ಲಿ ನಡೆಯುವವರ ಮೂಗಿಗೆ ಇಂದು ತಾಕುವ ವಾಸನೆಯಲ್ಲಿ ಕಾದ ಎಣ್ಣೆ, ಬೆಳ್ಳುಳ್ಳಿ, ಸೋಯಾ ರಸಗಳ ಪಾಲು ದೊಡ್ಡದು. ಗೋಬಿ ಮಂಚೂರಿ, ನೂಡಲ್ಸ್, ಫ್ರೈಡ್ ರೈಸ್ ಎಂಬ ಹೆಸರುಗಳು ಶಾಲೆಯ ಹುಡುಗರ ಬಾಯಲ್ಲಿಯೂ ಸಲೀಸಾಗಿ ಆಡುತ್ತವೆ. ತಾಯ್ಲೆಂಡಿನ ಅಡಿಗೆಯನ್ನೇ ಮುಖ್ಯವಾಗಿ ಬಡಿಸುವ ಉಪಾಹಾರಗೃಹಗಳನ್ನು ಕಾಣಲು ಬೆಂಗಳೂರಿನಂತಹ ನಗರಕ್ಕೆ ಹೋಗಬೇಕಾದೀತು. ಆದರೆ ಪೂರ್ವ ಏಷ್ಯದ ಬಾಣಲೆಯಂತೂ ನಮ್ಮ ಬೀದಿಗೇ ಬಂದಿದೆ.

ಅದು ಬಂದ ದಾರಿ ಸ್ವಾರಸ್ಯವಾದದ್ದು. ಹದಿನೆಂಟನೆಯ ಶತಮಾನದ ಕೊನೆಯಿಂದ ಕಲ್ಕತ್ತೆಯಲ್ಲಿ ನೆಲಸತೊಡಗಿದ ಚೀನೀಯರು ತಮ್ಮ ಅಡಿಗೆಯನ್ನು ಇಲ್ಲಿನ ಹಸಿಮೆಣಸು, ಕೊತ್ತಂಬರಿಗಳಿಗೆ ಹೊಂದಿಸಿಕೊಂಡರು. ಕಲ್ಕತ್ತೆಯಲ್ಲಿ ಹುಟ್ಟಿದ ನೆಲ್ಸನ್ ವಾಂಗ್ ಎಂಬ ಬಾಣಸಿಗರು 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನ ಅಡಿಗೆಮನೆಯಲ್ಲಿ ಕೋಳಿಮಾಂಸದಿಂದ ‘ಮಂಚೂರಿಯನ್’ ಎಂಬ ತಿನಿಸನ್ನು ಸಿದ್ಧಪಡಿಸಿದರೆಂಬುದು ಪ್ರಸಿದ್ಧವಾದ ಕಥನ. ಚೀನದ ಮಂಚೂರಿಯ ಪ್ರಾಂತಕ್ಕೂ ಅದಕ್ಕೂ ಹೆಸರಿನ ಹೊರತು ಬೇರೆ ನಂಟಿಲ್ಲ. ಕೋಳಿಯ ಸ್ಥಾನಕ್ಕೆ ಹೂಕೋಸು ಬಂದಾಗ ಅದು ಸಸ್ಯಾಹಾರಿಗಳಿಗೂ ಸಲ್ಲುವ ಗೋಬಿ ಮಂಚೂರಿಯಾಯಿತು. ಇನ್ನೊಂದು ದಾರಿ ಟಿಬೆಟ್ಟಿನದು. ನಿರಾಶ್ರಿತರಾಗಿ ಬಂದ ಟಿಬೆಟ್ಟಿನ ಜನರಿಗೆ ಮೈಸೂರು ಜಿಲ್ಲೆಯ ಬೈಲುಕುಪ್ಪೆಯಲ್ಲಿ 1960ರ ಸುಮಾರಿನಲ್ಲಿಯೂ, ಉತ್ತರ ಕನ್ನಡದ ಮುಂಡಗೋಡಿನಲ್ಲಿ 1966ರಲ್ಲಿಯೂ ನೆಲೆ ದೊರೆಯಿತು. ಅವರ ಮೊಮೊ, ಥುಕ್ಪಾಗಳು ಕನ್ನಡನಾಡಿಗೆ ಆಗಲೇ ಕಾಲಿಟ್ಟವು.

ಈ ತಿನಿಸುಗಳ ಇತಿಹಾಸ ಇಲ್ಲಿ ನಮ್ಮ ಮುಖ್ಯ ವಿಷಯವಲ್ಲ. ಅವುಗಳ ಬೆಂಕಿ ನಮ್ಮ ವಿಷಯ. ಇಂತಹ ಒಂದು ತಟ್ಟೆಯಲ್ಲಿ ಮೂರು ಬಗೆಯ ಬೆಂಕಿಗಳಿವೆ. ಒಲೆಯಿಂದ ಬಾಣಲೆಗೆ ಬಂದದ್ದು ಮೊದಲನೆಯದು. ಇದು ನಿಜವಾದ ಉಷ್ಣ. ನಾಲಿಗೆಗೆ ಸುಟ್ಟಂತೆ ತೋರುವ ಖಾರ ಎರಡನೆಯದು. ಇಲ್ಲಿ ಉಷ್ಣವಿಲ್ಲ, ಉಷ್ಣದ ಭ್ರಮೆಯಿದೆ. ಕಣ್ಣಿಗೆ ಕೆಂಡದಂತೆ ಕಾಣುವ ಕೆಂಪು ಮೂರನೆಯದು. ಅನೇಕ ವೇಳೆ ಇಲ್ಲಿ ಉಷ್ಣವೂ ಇಲ್ಲ, ಖಾರವೂ ಇಲ್ಲ. ಈ ಮೂರನ್ನೂ ಬೇರೆಬೇರೆಯಾಗಿ ಗುರುತಿಸಬಲ್ಲವನು ತಾನು ತಿನ್ನುವುದೇನೆಂಬುದನ್ನು ತಕ್ಕಮಟ್ಟಿಗೆ ಬಲ್ಲವನಾಗುತ್ತಾನೆ.

ಬಾಣಲೆಯ ಬೆಂಕಿ

ಗಾಡಿಯಲ್ಲಿ ತಿಂದ ನೂಡಲ್ಸಿನ ರುಚಿ ಮನೆಯಲ್ಲಿ ಮಾಡಿದ್ದಕ್ಕೆ ಬರುವುದಿಲ್ಲವೆಂದು ಅನೇಕರು ಹೇಳುತ್ತಾರೆ. ಸಾಮಾನುಗಳು ಒಂದೇ, ಎಣ್ಣೆ ಒಂದೇ. ಹಾಗಾದರೆ ವ್ಯತ್ಯಾಸವೆಲ್ಲಿದೆ?

ಉತ್ತರವು ನೀರಿನಲ್ಲಿದೆ. ನಮ್ಮ ತರಕಾರಿಗಳ ತೂಕದಲ್ಲಿ ಬಹುಪಾಲು ನೀರೇ. ಹೂಕೋಸಿನಲ್ಲಿ ನೂರಕ್ಕೆ ತೊಂಬತ್ತರಷ್ಟಕ್ಕಿಂತಲೂ ಹೆಚ್ಚು. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಕುದಿಯುತ್ತದೆ. ಸಾಗರ, ತೀರ್ಥಹಳ್ಳಿಗಳು ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರು ಎತ್ತರದಲ್ಲಿವೆ. ಅಲ್ಲಿ ವಾಯುವಿನ ಒತ್ತಡ ಸ್ವಲ್ಪ ಕಡಮೆಯಾದುದರಿಂದ ನೀರು 98 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ನೀರಿರುವವರೆಗೆ, ಎಷ್ಟೇ ಉರಿ ಹಾಕಿದರೂ, ಆ ನೀರಿನ ಉಷ್ಣತೆ ಇದಕ್ಕಿಂತ ಮೇಲೇರದು. ಕೊಟ್ಟ ಉಷ್ಣವೆಲ್ಲ ನೀರನ್ನು ಆವಿಯಾಗಿಸುವುದಕ್ಕೇ ವ್ಯಯವಾಗುತ್ತದೆ. ಇದನ್ನೇ ಗುಪ್ತೋಷ್ಣವೆಂದು ಭೌತಶಾಸ್ತ್ರದ ಪಾಠದಲ್ಲಿ ಓದಿರುತ್ತೇವೆ. ಒಂದು ಗ್ರಾಂ ಕುದಿನೀರು ಆವಿಯಾಗಲು ಬೇಕಾದ ಉಷ್ಣ ಸುಮಾರು 540 ಕ್ಯಾಲೊರಿ.

ಆದರೆ ಹುರಿದ ಪದಾರ್ಥದ ಹೊಂಬಣ್ಣವೂ ಪರಿಮಳವೂ ಹುಟ್ಟುವುದು ಇದಕ್ಕಿಂತ ಬಹಳ ಮೇಲಿನ ಉಷ್ಣತೆಯಲ್ಲಿ. ಆಹಾರದಲ್ಲಿನ ಸಕ್ಕರೆಯ ಅಂಶಗಳೂ ಸಸಾರಜನಕಗಳ ಘಟಕಗಳಾದ ಅಮೈನೊ ಆಮ್ಲಗಳೂ ಸುಮಾರು 140 ಡಿಗ್ರಿಗೆ ಮೇಲ್ಪಟ್ಟು ಬೇಗಬೇಗನೆ ಸಂಯೋಗ ಹೊಂದಿ ನೂರಾರು ಹೊಸ ವಸ್ತುಗಳನ್ನು ಉಂಟುಮಾಡುತ್ತವೆ. ಈ ಕ್ರಿಯೆಯನ್ನು 1912ರಲ್ಲಿ ವಿವರಿಸಿದವನು ಫ್ರಾನ್ಸಿನ ಲೂಯಿ ಕಮೀಯ್ ಮಯಾರ್. ದೋಸೆಯ ಕೆಂಚು, ಹುರಿದ ಕಾಫಿಬೀಜದ ವಾಸನೆ, ರೊಟ್ಟಿಯ ಮೇಲಿನ ಕಂದು ಚುಕ್ಕೆ—ಇವೆಲ್ಲ ಮಯಾರ್ ಕ್ರಿಯೆಯ ಫಲಗಳೇ. ಪದಾರ್ಥದ ಮೇಲ್ಮೈ ಒಣಗುವವರೆಗೆ ಈ ಕ್ರಿಯೆ ತ್ವರಿತವಾಗಿ ನಡೆಯಲಾರದು. ಆದುದರಿಂದ ಬಾಣಲೆಯಲ್ಲಿ ನಡೆಯುವುದು ಒಂದು ಪಂದ್ಯ: ಒಳಗಿನಿಂದ ನೀರು ಹೊರಬರುವ ವೇಗಕ್ಕೂ ಬೆಂಕಿ ಅದನ್ನು ಆವಿಯಾಗಿಸುವ ವೇಗಕ್ಕೂ ಇರುವ ಪಂದ್ಯ.

ಲೆಕ್ಕ ಹಾಕಿ ನೋಡೋಣ. ತರಕಾರಿ, ನೂಡಲ್ಸ್‌ಗಳಿಂದ 100 ಗ್ರಾಂ ನೀರು ಹೊರಬಂದಿತೆಂದು ಇಟ್ಟುಕೊಳ್ಳೋಣ. ಅದನ್ನು ಆವಿಯಾಗಿಸಲು 54,000 ಕ್ಯಾಲೊರಿ ಬೇಕು. ಮನೆಯ ಅನಿಲದ ಒಲೆಯ ಒಂದು ಉರಿ ಸುಮಾರು 2 ಕಿಲೋವಾಟಿನದೆಂದೂ, ಅದರಲ್ಲಿ ನೂರಕ್ಕೆ ಅರವತ್ತರಷ್ಟು ಪಾತ್ರೆಗೆ ತಲಪುತ್ತದೆಂದೂ ಎಣಿಸಿದರೆ, ಸೆಕೆಂಡಿಗೆ ಸುಮಾರು 287 ಕ್ಯಾಲೊರಿ ದೊರೆಯುತ್ತದೆ. ನೀರು ಆರಲು ಮೂರು ನಿಮಿಷಕ್ಕೂ ಮೇಲೆ ಬೇಕು. ಅಷ್ಟರಲ್ಲಿ ಇನ್ನಷ್ಟು ನೀರು ಬಿಟ್ಟು, ತರಕಾರಿ ಹುರಿಯುವ ಬದಲು ಬೆಂದೇಹೋಗುತ್ತದೆ. ಹೋಟೆಲಿನ ದೊಡ್ಡ ಒಲೆ 20 ಕಿಲೋವಾಟಿನದಾಗಿದ್ದು, ಉರಿಯ ಬಹುಭಾಗ ಬಾಣಲೆಯ ಹೊರಗೆ ಹರಿದು ಮೂರರಲ್ಲೊಂದು ಪಾಲು ಮಾತ್ರ ಒಳಸೇರಿದರೂ, ಅದೇ ನೀರು ಸುಮಾರು 34 ಸೆಕೆಂಡಿನಲ್ಲಿ ಆರಿಹೋಗುತ್ತದೆ. ಮೇಲ್ಮೈ ಒಣಗುತ್ತದೆ, ಕಂದುಬಣ್ಣ ಏರುತ್ತದೆ, ಒಳಭಾಗ ಮಾತ್ರ ಕಚಕಚನೆ ಉಳಿಯುತ್ತದೆ. ದಕ್ಷಿಣ ಚೀನದ ಕ್ಯಾಂಟನ್ ಪ್ರಾಂತದವರು ಈ ರುಚಿಯನ್ನು ‘ಬಾಣಲೆಯ ಉಸಿರು’ ಎಂಬರ್ಥದ ಮಾತಿನಿಂದ ಕರೆಯುತ್ತಾರೆ.

ಮನೆಯವರು ಇದರಿಂದ ನಿರಾಶರಾಗಬೇಕಾದುದಿಲ್ಲ. ಉರಿಯನ್ನು ಹತ್ತುಪಾಲು ಹೆಚ್ಚಿಸಲಾಗದಿದ್ದರೂ ಪದಾರ್ಥವನ್ನು ಕಡಮೆ ಮಾಡಬಹುದು. ತೊಳೆದ ತರಕಾರಿಯನ್ನು ಚೆನ್ನಾಗಿ ಒರಸಿ, ಬಾಣಲೆಯನ್ನು ಮೊದಲೇ ಕಾಯಿಸಿ, ಒಂದೊಂದು ಹಿಡಿಯಷ್ಟನ್ನೇ ಹಾಕಿ ಹುರಿದರೆ ಪಂದ್ಯದಲ್ಲಿ ಬೆಂಕಿಯೇ ಗೆಲ್ಲುತ್ತದೆ.

ಬಾಣಸಿಗನು ಬಾಣಲೆಯನ್ನು ಕುಲುಕಿ ಅನ್ನವನ್ನು ಗಾಳಿಗೆ ಎಸೆಯುವುದು ನೋಡುವವರ ಮೆಚ್ಚುಗೆಗೆಂದು ತಿಳಿಯಬಾರದು. ತೆಳುವಾದ ಕಬ್ಬಿಣದ ಬಾಣಲೆ ಬಹು ಬೇಗ ಕಾಯುತ್ತದೆ. ಅದಕ್ಕೆ ತಾಗಿ ನಿಂತ ಕಾಳು ಕ್ಷಣದಲ್ಲಿ ಸೀಯುತ್ತದೆ. ಎಸೆದಾಗ ಕಾಳು ಮೇಲೆ ಹೋಗಿ ತುಸು ತಣಿಯುತ್ತದೆ. ಅದರ ಮೇಲಿನ ತೇವ ಆರುತ್ತದೆ. ಬೀಳುವಾಗ ಜಾಗ ಬದಲಾಗುತ್ತದೆ. ಅಮೆರಿಕದ ಜಾರ್ಜಿಯ ಟೆಕ್ ಸಂಸ್ಥೆಯ ಹಂಗ್‌ಟಾಂಗ್ ಕೊ ಮತ್ತು ಡೇವಿಡ್ ಹೂ ಎಂಬುವರು ಚೀನೀ ಬಾಣಸಿಗರ ಕೈಚಳಕವನ್ನು ಚಲನಚಿತ್ರದಲ್ಲಿ ಹಿಡಿದು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದರು. ಬಾಣಲೆ ಹಿಂದುಮುಂದಾಗಿ ಜಾರುವುದರ ಜೊತೆಗೆ ಒಲೆಯ ಅಂಚನ್ನು ಆಧಾರವಾಗಿಟ್ಟುಕೊಂಡು ಏತದ ಮರದಂತೆ ತೂಗುತ್ತದೆ. ಹೀಗೆ ಒಂದು ಸೆಕೆಂಡಿಗೆ ಮೂರು ಬಾರಿಗೆ ತುಸು ಕಡಮೆಯಾಗಿ ಎಸೆತ ನಡೆಯುತ್ತದೆ. ಒಂದು ಕಾಳು 0.3 ಸೆಕೆಂಡು ಗಾಳಿಯಲ್ಲಿದ್ದರೆ ಅದು ಎಷ್ಟು ಎತ್ತರಕ್ಕೆ ಹೋಗಿರಬೇಕೆಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು. ಉತ್ತರ ಸುಮಾರು 11 ಸೆಂಟಿಮೀಟರು.

ಇಂತಹ ಎಸೆತಕ್ಕೆ ಅಂಟಂಟಾದ ಬಿಸಿ ಅನ್ನ ಒದಗದು. ಅನ್ನ ಆರಿದಾಗ ಅದರ ಪಿಷ್ಟದಲ್ಲಿನ ಅಮೈಲೋಸ್ ಎಂಬ ಉದ್ದನೆಯ ಅಣುಗಳು ಮತ್ತೆ ಒತ್ತೊತ್ತಾಗಿ ಜೋಡಣೆಗೊಂಡು ಕಾಳು ಗಟ್ಟಿಯಾಗುತ್ತದೆ. ಚಿತ್ರಾನ್ನಕ್ಕೆ ಆರಿದ ಅನ್ನವೇ ಲೇಸೆಂದು ನಮ್ಮ ಮನೆಗಳಲ್ಲಿ ಹೇಳುವುದೂ ಇದಕ್ಕೇ. ತಾಯ್ಲೆಂಡಿನ ಉತ್ತರ ಮತ್ತು ಈಶಾನ್ಯ ಭಾಗಗಳ ಜನ ಉಣ್ಣುವ ಅಂಟಕ್ಕಿಯಲ್ಲಿ ಅಮೈಲೋಸ್ ಬಹುಮಟ್ಟಿಗೆ ಇಲ್ಲವೇ ಇಲ್ಲ. ಅದು ಆರಿದರೂ ಉದುರುದುರಾಗದು. ಅದನ್ನು ಕೈಯಲ್ಲಿ ಉಂಡೆಮಾಡಿ ವ್ಯಂಜನದಲ್ಲಿ ಅದ್ದಿ ತಿನ್ನುತ್ತಾರೆ.

ಎಣ್ಣೆಯಲ್ಲಿ ಕರಿಯುವಾಗಲೂ ನೀರಿನದೇ ಆಟ. ಹಿಟ್ಟು ಸವರಿದ ಹೂಕೋಸನ್ನು 170-180 ಡಿಗ್ರಿಯ ಎಣ್ಣೆಗೆ ಬಿಟ್ಟಾಗ ಏಳುವ ಗುಳ್ಳೆಗಳು ಎಣ್ಣೆಯ ಕುದಿತವಲ್ಲ. ಅವು ಹಿಟ್ಟಿನಿಂದ ಹೊರಬರುತ್ತಿರುವ ನೀರಾವಿ. ಆವಿ ಹೊರನುಗ್ಗುತ್ತಿರುವವರೆಗೆ ಎಣ್ಣೆ ಒಳಗೆ ಹೋಗಲು ಎಡೆಯಿಲ್ಲ. ತುಂಡನ್ನು ಮೇಲೆತ್ತಿದ ಬಳಿಕ ರಂಧ್ರಗಳಲ್ಲಿ ಉಳಿದ ಆವಿ ತಣಿದು ನೀರಾಗಿ ಕುಗ್ಗುತ್ತದೆ. ಆಗ ಮೇಲ್ಮೈಯ ಎಣ್ಣೆ ಒಳಕ್ಕೆ ಹೀರಲ್ಪಡುತ್ತದೆ. ಆದುದರಿಂದ ಕರಿದದ್ದನ್ನು ಬಿಸಿಯಿರುವಾಗಲೇ ಜಾಲರಿಯಲ್ಲಿ ಕೊಡವಿ ಬಸಿಯುವುದು ಒಳ್ಳೆಯ ಪದ್ಧತಿ.

ಆವಿಯ ಅಡಿಗೆ

ಮೊಮೊ ಇದಕ್ಕೆ ತೀರ ವಿರುದ್ಧವಾದ ಅಡಿಗೆ. ಮಲೆನಾಡಿನವರಿಗೆ ಇದರ ತತ್ತ್ವವನ್ನು ಹೇಳಿಕೊಡಬೇಕಾಗಿಲ್ಲ; ಕಡುಬಿನ ಪಾತ್ರೆಯಲ್ಲಿ ನಡೆಯುವುದೂ ಅದೇ. ಒಂದು ಗ್ರಾಂ ಕುದಿನೀರು ಹತ್ತು ಡಿಗ್ರಿ ತಣಿದರೆ ಹತ್ತು ಕ್ಯಾಲೊರಿ ಕೊಡುತ್ತದೆ. ಒಂದು ಗ್ರಾಂ ಆವಿಯಾದರೋ ಕಡುಬಿನ ಮೇಲೆ ಕುಳಿತು ನೀರಾಗುವಾಗ ಸುಮಾರು 540 ಕ್ಯಾಲೊರಿಗಳನ್ನು ಅಲ್ಲಿಯೇ ಬಿಟ್ಟುಕೊಡುತ್ತದೆ. ಕುದಿನೀರಿಗಿಂತ ಆವಿಯ ಸುಟ್ಟಗಾಯ ಹೆಚ್ಚು ಅಪಾಯಕರವಾಗುವುದಕ್ಕೂ ಇದೇ ಕಾರಣ. ಆವಿಯ ಉಷ್ಣತೆ ಮಾತ್ರ 98 ಡಿಗ್ರಿಯನ್ನು ದಾಟದು. ಆದುದರಿಂದ ಆವಿಯಲ್ಲಿ ಬೆಂದ ಮೊಮೊ, ಇಡ್ಲಿ, ಕಡುಬುಗಳು ಎಂದಿಗೂ ಕಂದಾಗುವುದಿಲ್ಲ.

ಕಂದಿನ ಪರಿಮಳ ದೊರೆಯದ ಕಡೆ ಎಲೆಯ ಪರಿಮಳ ಅದರ ಸ್ಥಾನಕ್ಕೆ ಬರುತ್ತದೆ. ತಾಯ್ ಜನ ಮೀನಿನ ಮಸಾಲೆಯನ್ನು ಬಾಳೆಯೆಲೆಯ ದೊನ್ನೆಯಲ್ಲಿ ಬೇಯಿಸಿ ‘ಹೋ ಮೋಕ್’ ಎನ್ನುತ್ತಾರೆ. ನಾವು ಹಲಸಿನ ಎಲೆಯ ಕೊಟ್ಟೆಯಲ್ಲಿಯೂ ಅರಿಸಿನದ ಎಲೆಯ ಮಡಿಕೆಯಲ್ಲಿಯೂ ಹಿಟ್ಟು ಬೇಯಿಸುತ್ತೇವೆ. ಮಳೆ ಹೆಚ್ಚು, ಅಕ್ಕಿ ತೆಂಗು ಬಿದಿರು ಬಾಳೆಗಳು ಸಮೃದ್ಧ—ಎರಡು ನಾಡುಗಳ ಅಡಿಗೆಮನೆಗಳು ಒಂದನ್ನೊಂದು ಕಾಣದೆಯೇ ಒಂದೇ ಉಪಾಯವನ್ನು ಕಂಡುಕೊಂಡಿವೆ.

ನಾಲಿಗೆಯ ಬೆಂಕಿ

ತಾಯ್ ಅಡಿಗೆಯ ಖಾರ ಲೋಕಪ್ರಸಿದ್ಧ. ಆದರೆ ಮೆಣಸಿನಕಾಯಿ ತಾಯ್ಲೆಂಡಿನದೂ ಅಲ್ಲ, ಭಾರತದ್ದೂ ಅಲ್ಲ. ಅದರ ತವರು ಅಮೆರಿಕ ಖಂಡ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳೊಡನೆ ಅದು ಏಷ್ಯಕ್ಕೆ ಬಂದಿತು. ಅದಕ್ಕೆ ಮೊದಲು ಖಾರವೆಂದರೆ ಕಾಳುಮೆಣಸು. ಆ ಮೆಣಸಿಗಾಗಿ ಪೋರ್ಚುಗೀಸರು ಹುಡುಕಿಕೊಂಡು ಬಂದದ್ದಾದರೂ ನಮ್ಮ ಘಟ್ಟಗಳನ್ನೇ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅವರು ಮೆಣಸಿನ ರಾಣಿಯೆಂದು ಕರೆದರು. ಸಾಗರದ ಬಳಿಯ ಕೆಳದಿ, ಇಕ್ಕೇರಿಗಳಲ್ಲಿಯೂ ಈಗಿನ ಹೊಸನಗರ ತಾಲ್ಲೂಕಿನ ಬಿದನೂರಿನಲ್ಲಿಯೂ ಆಳಿದ ನಾಯಕರು ಅಕ್ಕಿ, ಮೆಣಸುಗಳ ವ್ಯಾಪಾರದಲ್ಲಿ ಅವರೊಡನೆ ವ್ಯವಹರಿಸಿದರು.

ಹೊಸ ಕಾಯಿ ಬಂದಾಗ ಕನ್ನಡಿಗರು ಹಳೆಯ ಹೆಸರನ್ನೇ ವಿಸ್ತರಿಸಿ ‘ಮೆಣಸಿನಕಾಯಿ’ ಎಂದರು. ತಾಯ್ ಜನರೂ ಹಾಗೆಯೇ ಮಾಡಿದರು. ಅವರ ‘ಪ್ರಿಕ್’ ಎಂಬ ಮಾತು ಈಗ ಮೆಣಸಿನಕಾಯಿಗೆ ಸಲ್ಲುತ್ತದೆ. ಕಾಳುಮೆಣಸು ‘ಪ್ರಿಕ್ ತಾಯ್’, ಎಂದರೆ ತಾಯ್ ದೇಶದ ಮೆಣಸು, ಎನಿಸಿದೆ.

ಈ ಖಾರವು ಉಪ್ಪು, ಹುಳಿಗಳಂತೆ ಒಂದು ರುಚಿಯಲ್ಲ. ನಮ್ಮ ನರಗಳ ತುದಿಯಲ್ಲಿ ಉಷ್ಣವನ್ನು ಅರಿಯುವ ಸಣ್ಣ ದ್ವಾರಗಳಿವೆ. ಸುಮಾರು 43 ಡಿಗ್ರಿಗೆ ಮೇಲ್ಪಟ್ಟ ಬಿಸಿ ತಾಗಿದಾಗ ಅವು ತೆರೆದುಕೊಂಡು ಮಿದುಳಿಗೆ ‘ಸುಡುತ್ತಿದೆ’ ಎಂಬ ವಾರ್ತೆಯನ್ನು ಕಳಿಸುತ್ತವೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಎಂಬ ವಸ್ತು ಬಿಸಿಯಿಲ್ಲದೆಯೇ ಅದೇ ದ್ವಾರವನ್ನು ತೆರೆಯುತ್ತದೆ. ಮಿದುಳು ಮೋಸಹೋಗುತ್ತದೆ, ಬೆವರು ಸುರಿಯುತ್ತದೆ, ಮೂಗು ಸೋರುತ್ತದೆ. ನಾಲಿಗೆಯ ಮೇಲೆ ಉಷ್ಣಮಾಪಕವನ್ನಿಟ್ಟರೆ ಅದು ಕಾಣುವಷ್ಟು ಏರುವುದೇ ಇಲ್ಲ. ಈ ದ್ವಾರವನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್, ಸ್ಪರ್ಶದ ದ್ವಾರಗಳನ್ನು ಶೋಧಿಸಿದ ಆರ್ಡೆಮ್ ಪಟಪೂಟಿಯನ್ ಇವರಿಬ್ಬರಿಗೂ 2021ರ ವೈದ್ಯಶಾಸ್ತ್ರದ ನೊಬೆಲ್ ಬಹುಮಾನ ದೊರೆಯಿತು.

ಕಾಳುಮೆಣಸಿನ ಪೈಪರಿನ್ ಕೂಡ ಇದೇ ದ್ವಾರವನ್ನು ತಟ್ಟುತ್ತದೆ, ಆದರೆ ಮೆಲ್ಲಗೆ. ಪೈಪರಿನ್ನನ್ನು 1819ರಲ್ಲಿ ಬೇರ್ಪಡಿಸಿದವನು ಡೆನ್ಮಾರ್ಕಿನ ಓರ್ಸ್ಟೆಡ್. ಮರುವರ್ಷ ವಿದ್ಯುತ್ ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ಕಂಡು ವಿದ್ಯುತ್ಕಾಂತತ್ವಕ್ಕೆ ಬಾಗಿಲು ತೆರೆದವನೂ ಅವನೇ.

ಶೆಜ್ವಾನ್ ಎಂದು ನಮ್ಮ ಗಾಡಿಗಳಲ್ಲಿ ಬರೆಯುವ ತಿನಿಸಿನ ಮೂಲವಾದ ಚೀನದ ಸಿಚುವಾನ್ ಪ್ರಾಂತದಲ್ಲಿ ಇನ್ನೊಂದು ವಿಚಿತ್ರ ಸಂಬಾರವಿದೆ. ಅದು ನಮ್ಮ ಘಟ್ಟದ ಜುಮ್ಮನಕಾಯಿಯ ಕುಲಕ್ಕೆ ಸೇರಿದ್ದು. ಅದನ್ನು ತುಟಿಗೆ ಸವರಿದರೆ ಜುಮುಜುಮು ಎನ್ನುತ್ತದೆ. ಈ ಕಂಪನದ ವೇಗವೆಷ್ಟೆಂದು ಲಂಡನ್ನಿನ ಸಂಶೋಧಕರು ಅಳೆದು 2013ರಲ್ಲಿ ಪ್ರಕಟಿಸಿದರು. ತುಟಿಯ ಜುಮ್ಮನ್ನು ಬೆರಳಿಗೆ ತಾಗಿಸಿದ ಯಾಂತ್ರಿಕ ಕಂಪನದೊಡನೆ ಹೋಲಿಸಿದಾಗ, ಅದು ಸೆಕೆಂಡಿಗೆ ಸುಮಾರು 50 ಬಾರಿಯೆಂದು ತೋರಿತು. ನಮ್ಮ ಮನೆಗಳ ವಿದ್ಯುತ್ತಿನ ಆವರ್ತನವೂ ಅಷ್ಟೇ ಎಂಬುದು ಆಕಸ್ಮಿಕವಾದರೂ ನೆನಪಿಡಲು ಅನುಕೂಲ.

ಖಾರ ಹತ್ತಿದಾಗ ನೀರು ಕುಡಿದು ಪ್ರಯೋಜನವಿಲ್ಲ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕರಗುತ್ತದೆ. ಹಾಲು, ಮಜ್ಜಿಗೆಗಳಲ್ಲಿರುವ ಕೇಸೀನ್ ಎಂಬ ಸಸಾರಜನಕವು ಅದನ್ನು ನಾಲಿಗೆಯಿಂದ ಬಿಡಿಸಿ ಒಯ್ಯುತ್ತದೆ. ತಾಯ್ ಬಾಣಸಿಗನು ಖಾರದ ವ್ಯಂಜನಕ್ಕೆ ತೆಂಗಿನ ಹಾಲು ಹಾಕುವುದರಲ್ಲಿಯೂ, ನಾವು ಊಟದ ಕೊನೆಗೆ ಮಜ್ಜಿಗೆ ಸುರಿದುಕೊಳ್ಳುವುದರಲ್ಲಿಯೂ ಈ ರಸಾಯನಶಾಸ್ತ್ರ ಅಡಗಿದೆ.

ಖಾರವನ್ನು ಅಳೆಯುವ ಕ್ರಮವನ್ನು 1912ರಲ್ಲಿ ಅಮೆರಿಕದ ಸ್ಕೋವಿಲ್ ಹಾಕಿಕೊಟ್ಟನು. ಕಾಯಿಯ ಸಾರಕ್ಕೆ ಎಷ್ಟು ಪಾಲು ಸಕ್ಕರೆನೀರು ಬೆರಸಿದರೆ ಖಾರ ತಿಳಿಯದಂತಾಗುವುದೋ ಅದೇ ಅದರ ಮಾನ. ಮಲೆನಾಡಿನ ಹಿತ್ತಲಿನ ಸೂಜಿಮೆಣಸಿನಂತಹ, ತಾಯ್ ಅಡಿಗೆಯಲ್ಲಿಯೂ ಬಳಸುವ ಪುಟ್ಟ ಕಾಯಿಗಳಿಗೆ ಈ ಮಾನ 50,000ದಿಂದ 1,00,000ದವರೆಗೆ ಹೋಗುವುದುಂಟು. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಅದಕ್ಕಿಂತ ಎಷ್ಟೋ ಸೌಮ್ಯ. ಆದರೆ ಅದರ ಕೆಂಪು ಎಲ್ಲರನ್ನೂ ಮೀರಿಸುವಂಥದು. ಓದುಗರು ಇದನ್ನು ಚೆನ್ನಾಗಿ ಗಮನಿಸಬೇಕು: ಕೆಂಪು ಬೇರೆ, ಖಾರ ಬೇರೆ.

ಕಣ್ಣಿನ ಬೆಂಕಿ

ಗೋಬಿ ಮಂಚೂರಿಯನ್ನು ಮೇಲೆ ಹೇಳಿದ ಎರಡು ಬೆಂಕಿಗಳಿಂದಲೇ ಮಾಡಿದರೆ ಅದರ ಬಣ್ಣ ಹೇಗಿರಬೇಕು? ಮಯಾರ್ ಕ್ರಿಯೆಯಿಂದ ಕಂದು. ಸೋಯಾ ರಸದಿಂದ ಮತ್ತಷ್ಟು ಗಾಢವಾದ ಕಂದು. ಮೆಣಸಿನ ಪುಡಿಯಿಂದ ಒಂದಿಷ್ಟು ಇಟ್ಟಿಗೆಗೆಂಪು. ಹೊಳೆಯುವ ರಕ್ತಗೆಂಪು ಈ ಯಾವುದರಿಂದಲೂ ಬರಲಾರದು. ಅದು ಬಂದಿದ್ದರೆ ಹೊರಗಿನಿಂದ ಬಂದಿರಬೇಕು.

ಇದು ಕೇವಲ ತರ್ಕದ ಮಾತಲ್ಲ. ಕರ್ನಾಟಕ ಸರಕಾರದ ಆಹಾರ ಸುರಕ್ಷತಾ ಇಲಾಖೆಯವರು ರಾಜ್ಯದ ನಾನಾ ಕಡೆಗಳಿಂದ ಗೋಬಿ ಮಂಚೂರಿಯ 171 ಮಾದರಿಗಳನ್ನು ಪರೀಕ್ಷಿಸಿದಾಗ 107ರಲ್ಲಿ ಕೃತಕ ಬಣ್ಣಗಳು ಕಂಡುಬಂದವು. 2024ರ ಮಾರ್ಚ್ 11ರಂದು ಈ ವಿವರಗಳೊಡನೆ, ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರಸುವುದನ್ನು ನಿಷೇಧಿಸಿರುವುದಾಗಿ ಆರೋಗ್ಯಮಂತ್ರಿಗಳು ಪ್ರಕಟಿಸಿದರು. ತಪ್ಪಿದವರಿಗೆ ಏಳು ವರ್ಷಗಳವರೆಗೆ ಸೆರೆಮನೆವಾಸ, ಹತ್ತು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದೆಂದೂ ತಿಳಿಸಲಾಯಿತು. ಮಕ್ಕಳ ಬೊಂಬಾಯಿ ಮಿಠಾಯಿಯಲ್ಲಿ ರೋಡಮೈನ್-ಬಿ ಬಳಸುವುದೂ ಅದೇ ದಿನ ನಿಷಿದ್ಧವಾಯಿತು. ತಿನಿಸು ನಿಷಿದ್ಧವಾಗಲಿಲ್ಲ, ಬಣ್ಣ ಮಾತ್ರ ಎಂಬುದನ್ನು ನೆನಪಿಡಬೇಕು.

ಪತ್ತೆಯಾದ ಬಣ್ಣಗಳಲ್ಲಿ ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೊ, ಕಾರ್ಮೋಯಿಸಿನ್‌ಗಳೂ ಇದ್ದವು. ಇವನ್ನು ಕೆಲವು ಸಿಹಿತಿನಿಸು, ಪಾನೀಯಗಳಲ್ಲಿ ಗೊತ್ತಾದ ಮಿತಿಯೊಳಗೆ ಬಳಸಲು ಕಾನೂನು ಒಪ್ಪುತ್ತದೆ. ಇಂತಹ ಅಡಿಗೆಗಳಲ್ಲಿ ಒಪ್ಪುವುದಿಲ್ಲ. ರೋಡಮೈನ್-ಬಿಯಾದರೋ ಯಾವ ಆಹಾರಕ್ಕೂ ಸಲ್ಲದ ಬಣ್ಣ. ಅದು ಬಟ್ಟೆ, ಕಾಗದಗಳಿಗೆ ಹಾಕುವಂಥದು. ಪ್ರಾಣಿಗಳ ಮೇಲೆ ನಡೆದ ಪರೀಕ್ಷೆಗಳಲ್ಲಿ ಅದರಿಂದ ಹಾನಿ ಕಂಡುಬಂದಿದೆ.

ಭೌತಶಾಸ್ತ್ರದ ದೃಷ್ಟಿಯಿಂದ ರೋಡಮೈನ್-ಬಿ ಬಹು ಸೊಗಸಾದ ವಸ್ತು. ಅದರ ಅಪಾಯವೂ ಆ ಸೊಗಸಿನಲ್ಲಿಯೇ ಇದೆ. ಸಾಮಾನ್ಯ ಕೆಂಪು ವಸ್ತು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಹಸುರು, ನೀಲಿಗಳನ್ನು ಹೀರಿ ಕೆಂಪನ್ನು ಮಾತ್ರ ಹಿಂದಿರುಗಿಸುತ್ತದೆ. ಹೀರಿದ ಶಕ್ತಿ ಉಷ್ಣವಾಗಿ ಕಳೆದುಹೋಗುತ್ತದೆ. ರೋಡಮೈನ್ ಹಾಗಲ್ಲ. ಅದು ಸುಮಾರು 550 ನ್ಯಾನೊಮೀಟರು ತರಂಗದೂರದ ಹಸುರು ಬೆಳಕನ್ನು ಹೀರಿ, ಆ ಶಕ್ತಿಯ ದೊಡ್ಡ ಪಾಲನ್ನು ಸುಮಾರು 580 ನ್ಯಾನೊಮೀಟರಿನ ಆಸುಪಾಸಿನ ಕಿತ್ತಳೆಗೆಂಪು ಬೆಳಕಾಗಿ ಹೊರಚೆಲ್ಲುತ್ತದೆ. ಇದು ಪ್ರತಿದೀಪ್ತಿ. ಆದುದರಿಂದಲೇ ಅದು ಬರಿಯ ಕೆಂಪಾಗಿ ಕಾಣದೆ ಒಳಗಿನಿಂದ ಉರಿಯುವಂತೆ ಹೊಳೆಯುತ್ತದೆ. ಪ್ರಯೋಗಶಾಲೆಯಲ್ಲಿ ಇದನ್ನು ಲೇಸರುಗಳಿಗೂ, ನೀರು ಹರಿಯುವ ಜಾಡನ್ನು ಹಿಡಿಯುವುದಕ್ಕೂ ಬಳಸುತ್ತಾರೆ. ಎಷ್ಟೋ ಕಡಮೆ ಪ್ರಮಾಣದಲ್ಲಿದ್ದರೂ ಎದ್ದು ಕಾಣುವ ಗುಣವೇ ಇದಕ್ಕೆ ಕಾರಣ. ಅಗ್ಗದ ಬಣ್ಣ ಹುಡುಕುವವನಿಗೂ ಆ ಗುಣವೇ ಆಕರ್ಷಣೆ.

ತಪ್ಪನ್ನು ಮಾರುವವನ ತಲೆಗೇ ಕಟ್ಟುವುದೂ ಸರಿಯಲ್ಲ. ಕೆಂಪಾಗಿದ್ದರೆ ಖಾರ, ಕೆಂಪಾಗಿದ್ದರೆ ಹೊಸದು ಎಂದು ಗಿರಾಕಿಯ ಕಣ್ಣು ತೀರ್ಮಾನಿಸುವುದರಿಂದಲೇ ಬಣ್ಣದ ಡಬ್ಬಿ ಗಾಡಿಯ ಮೂಲೆಗೆ ಬರುತ್ತದೆ. ಕಂದು ಗೋಬಿಯನ್ನು ಗಿರಾಕಿಗಳು ಕೇಳಿ ತಿಂದರೆ ಬಣ್ಣಕ್ಕೆ ಖರ್ಚು ಮಾಡುವ ಅಗತ್ಯ ಯಾವ ಬಾಣಸಿಗನಿಗೂ ಇಲ್ಲ.

ಒಂದು ಸರಳ ಪ್ರಯೋಗ

ಮೆಣಸಿನಕಾಯಿಯ ಸಹಜವಾದ ಕೆಂಪು ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಕರಗದು. ಒಗ್ಗರಣೆಯ ಎಣ್ಣೆ ಕೆಂಪೇರುವುದನ್ನೂ, ಸಾರಿನ ಮೇಲೆ ಕೆಂಪು ಎಣ್ಣೆಯ ಹನಿಗಳು ತೇಲುವುದನ್ನೂ ಎಲ್ಲರೂ ನೋಡಿದ್ದೇವೆ. ಮೇಲೆ ಹೆಸರಿಸಿದ ಕೃತಕ ಬಣ್ಣಗಳು ನೀರಿನಲ್ಲಿ ಕರಗುವಂಥವು. ಈ ಭೇದವೇ ನಮ್ಮ ಉಪಕರಣ.

ಒಂದು ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ ಅಲುಗದಂತೆ ಇಡಿ. ಅನುಮಾನದ ತಿನಿಸಿನ ಚೂರೊಂದನ್ನು ಮೆಲ್ಲಗೆ ಬಿಡಿ, ಕದಡಬೇಡಿ. ಕೆಂಪು ಅಥವಾ ಗುಲಾಬಿ ಬಣ್ಣದ ಎಳೆಗಳು ಚೂರಿನಿಂದ ಹೊರಟು ಕೆಳಕ್ಕೆ ಇಳಿಯತೊಡಗಿದರೆ ನೀರಿನಲ್ಲಿ ಕರಗುವ ಬಣ್ಣವಿದೆಯೆಂದು ತಿಳಿಯಬೇಕು. ಬಣ್ಣವು ತೇಲುವ ಎಣ್ಣೆಯ ಹನಿಗಳಲ್ಲಿಯೇ ಉಳಿದರೆ ಅದು ಬಹುಮಟ್ಟಿಗೆ ಮೆಣಸಿನಕಾಯಿಯದು. ಮೆಣಸಿನ ಪುಡಿಯನ್ನೂ ಹೀಗೆಯೇ ನೀರಿನ ಮೇಲೆ ಉದುರಿಸಿ ನೋಡಬಹುದು.

ಇನ್ನೂ ಮುಂದೆ ಹೋಗಬಯಸುವವರು ಆ ಬಣ್ಣದ ನೀರನ್ನು ಆರಿಸಿ ಗಟ್ಟಿಮಾಡಿ, ಅದರ ಒಂದು ಹನಿಯನ್ನು ಬಿಳಿಯ ಸೀಮೆಸುಣ್ಣದ ಕಡ್ಡಿಯ ಬುಡದಿಂದ ಒಂದು ಸೆಂಟಿಮೀಟರು ಮೇಲೆ ಹಚ್ಚಲಿ. ಕಡ್ಡಿಯನ್ನು ತುಸು ಉಪ್ಪು ಬೆರಸಿದ ನೀರಿನಲ್ಲಿ, ಹನಿ ಮುಳುಗದಂತೆ, ನಿಲ್ಲಿಸಿದರೆ ನೀರು ಸಣ್ಣ ರಂಧ್ರಗಳ ಮೂಲಕ ಮೇಲೇರುತ್ತ ಬಣ್ಣವನ್ನೂ ಒಯ್ಯುತ್ತದೆ. ಎರಡು ಬಣ್ಣಗಳನ್ನು ಬೆರಸಿದ್ದರೆ ಅವು ಬೇರೆಬೇರೆ ಎತ್ತರಕ್ಕೆ ಏರಿ ಹಳದಿ, ಕೆಂಪು ಪಟ್ಟಿಗಳಾಗಿ ಬೇರ್ಪಡುತ್ತವೆ.

ಆದರೆ ಈ ಪ್ರಯೋಗ ಕೊಡುವುದು ಸಂಶಯವನ್ನು, ತೀರ್ಪನ್ನಲ್ಲ. ಬೀಟ್‌ರೂಟಿನ ಕೆಂಪೂ ನೀರಿನಲ್ಲಿ ಕರಗುತ್ತದೆ. ಸೋಯಾ ರಸವೂ ನೀರಿಗೆ ಕಂದು ಬಣ್ಣ ಕೊಡುತ್ತದೆ. ಲೋಟದ ನೀರು ಕೆಂಪಾಯಿತೆಂದು ಬೀದಿಯಲ್ಲಿ ನಿಂತು ಯಾರ ಮೇಲೂ ದೂರು ಹೊರಿಸುವುದು ನ್ಯಾಯವಲ್ಲ. ನಿರ್ಧರಿಸಬೇಕಾದುದು ಪ್ರಯೋಗಶಾಲೆ, ಅಲ್ಲಿಗೆ ಮಾದರಿಯನ್ನು ತಲಪಿಸಬೇಕಾದವರು ಆಹಾರ ಸುರಕ್ಷತಾ ಅಧಿಕಾರಿಗಳು. ಅವರಿಗೆ ಸುದ್ದಿ ಮುಟ್ಟಿಸುವುದು ಮಾತ್ರ ಪ್ರಜೆಯ ಕೆಲಸ.

ಬಿಳಿಯ ಪುಡಿಯ ಮೇಲಣ ಅಪವಾದ

ಕೆಂಪು ಬಣ್ಣವನ್ನು ನಿಶ್ಚಿಂತೆಯಿಂದ ತಿನ್ನುವ ಜನರೇ ಇನ್ನೊಂದು ಪುಡಿಯ ಹೆಸರು ಕೇಳಿದರೆ ಬೆಚ್ಚುವುದುಂಟು. ಅದು ಅಜಿನೊಮೊಟೊ ಎಂದು ಪೇಟೆಯಲ್ಲಿ ಕರೆಯುವ ಮಾನೊಸೋಡಿಯಂ ಗ್ಲುಟಮೇಟ್. ಟೋಕಿಯೋದ ಕಿಕುನಾಯೆ ಇಕೆಡಾ ಎಂಬ ರಸಾಯನಶಾಸ್ತ್ರಜ್ಞನು 1908ರಲ್ಲಿ ಸಮುದ್ರಪಾಚಿಯ ಸಾರಿನ ರುಚಿಗೆ ಗ್ಲುಟಮೇಟ್ ಕಾರಣವೆಂದು ತೋರಿಸಿ, ಸಿಹಿ, ಹುಳಿ, ಉಪ್ಪು, ಕಹಿಗಳ ಜೊತೆಗೆ ಇದನ್ನು ಐದನೆಯ ರುಚಿಯಾಗಿ ಎಣಿಸಿದನು. ಹಣ್ಣಾದ ಟೊಮೇಟೊದಲ್ಲಿಯೂ ಗ್ಲುಟಮೇಟ್ ಸಹಜವಾಗಿಯೇ ಇದೆ. ಚೀನೀ ಊಟದಿಂದ ತಲೆನೋವು ಮುಂತಾದ ಬಾಧೆಗಳು ಬರುತ್ತವೆಂಬ ಮಾತು 1968ರಲ್ಲಿ ಅಮೆರಿಕದ ವೈದ್ಯಪತ್ರಿಕೆಯೊಂದರಲ್ಲಿ ಅಚ್ಚಾದ ಒಂದು ಪತ್ರದಿಂದ ಹಬ್ಬಿತು. ತಿಂದವರಿಗೂ ಕೊಟ್ಟವರಿಗೂ ಗುಟ್ಟು ತಿಳಿಯದಂತೆ ನಡೆಸಿದ ಪರೀಕ್ಷೆಗಳಲ್ಲಿ, ಸಾಮಾನ್ಯ ಪ್ರಮಾಣದ ಪುಡಿಯಿಂದ ಅಂತಹ ಬಾಧೆಗಳು ನಿಯತವಾಗಿ ಕಂಡುಬರಲಿಲ್ಲ. ಹಾಗೆಂದು ಅದನ್ನು ಸುರಿದುಕೊಳ್ಳಬೇಕೆಂದಲ್ಲ. ಅದರಲ್ಲಿಯೂ, ಸೋಯಾ ರಸದಲ್ಲಿಯೂ, ಉಪ್ಪಿನಲ್ಲಿಯೂ ಸೋಡಿಯಂ ಇದೆ. ರಕ್ತದ ಒತ್ತಡವುಳ್ಳವರು ಮೂರನ್ನೂ ಕೂಡಿ ಲೆಕ್ಕ ಹಾಕಬೇಕು.

ನಿಜವಾಗಿ ನೋಡಬೇಕಾದ ಇನ್ನೊಂದು ವಸ್ತು ಎಣ್ಣೆ. ಮತ್ತೆಮತ್ತೆ ಕಾಯಿಸಿದ ಎಣ್ಣೆ ಒಡೆದು ಬೇರೆ ವಸ್ತುಗಳಾಗುತ್ತದೆ. ಇಂತಹ ಧ್ರುವೀಯ ವಸ್ತುಗಳು ನೂರಕ್ಕೆ ಇಪ್ಪತ್ತೈದನ್ನು ಮೀರಿದ ಎಣ್ಣೆಯನ್ನು ಅಡಿಗೆಗೆ ಬಳಸಬಾರದೆಂದು 2018ರ ಜುಲೈಯಿಂದ ನಮ್ಮ ದೇಶದಲ್ಲಿ ನಿಯಮವಿದೆ. ಅಳೆಯುವ ಉಪಕರಣ ನಮ್ಮ ಬಳಿ ಇಲ್ಲದಿದ್ದರೂ ಲಕ್ಷಣಗಳು ಕಾಣುತ್ತವೆ: ಎಣ್ಣೆ ಕಪ್ಪಾಗುತ್ತದೆ, ದಪ್ಪಗಾಗುತ್ತದೆ, ನೊರೆಯೇಳುತ್ತದೆ, ಬೇಗ ಹೊಗೆಯಾಡುತ್ತದೆ.

ಪರದೇಶದ ಅಡಿಗೆ ಊರಿಗೆ ಬಂದುದರಿಂದ ನಮ್ಮ ಕಡುಬಿಗೆ ಕುಂದಾಗಲಿಲ್ಲ. ಮೆಣಸಿನಕಾಯಿಯೂ ಒಂದು ಕಾಲಕ್ಕೆ ಪರದೇಶದ್ದೇ. ಈಗ ಅದಿಲ್ಲದ ಮಲೆನಾಡಿನ ಹಿತ್ತಲನ್ನು ಊಹಿಸಲಾರೆವು. ಮೊಮೊ, ಮಂಚೂರಿ, ತಾಯ್ ವ್ಯಂಜನಗಳನ್ನೂ ಹಾಗೆಯೇ ಸಂತೋಷದಿಂದ ಬರಮಾಡಿಕೊಳ್ಳಬಹುದು. ಮುಂದಿನ ಸಲ ತಟ್ಟೆಯೊಂದು ಎದುರಿಗೆ ಬಂದಾಗ ಓದುಗರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ: ಇದು ಕಂದಾದದ್ದು ಉರಿಯಿಂದಲೋ? ಖಾರವಾದದ್ದು ಮೆಣಸಿನಿಂದಲೋ? ಕೆಂಪಾದದ್ದು ಯಾವುದರಿಂದ? ಮೊದಲ ಎರಡಕ್ಕೆ ಉತ್ತರವನ್ನು ಬಾಯಿಯೇ ಹೇಳುತ್ತದೆ. ಮೂರನೆಯದಕ್ಕೆ ಒಂದು ಲೋಟ ನೀರು ಬೇಕು.